ಇಪ್ಪತ್ತು ವರ್ಷ ದುಡಿದರೆ ನಾಲ್ಕು ಚಿಲ್ಲರೆ ವರ್ಷ: ಅಮೆರಿಕದ ಪಾರ್ಟ್‌ಟೈಮ್ ಸೈನಿಕರ ಪಿಂಚಣಿ ಲೆಕ್ಕ

ನಮ್ಮ ದೊಡ್ಡಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು. ಪಿಂಚಣಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು), ಡಿಎ ಎಲ್ಲ ಅವರ ಬಾಯಲ್ಲೇ ಇರುತ್ತದೆ. ಅವರ ಮೊಮ್ಮಗ ಹುಟ್ಟಿ ಬೆಳೆದದ್ದು ಅಮೆರಿಕದ ಟೆಕ್ಸಾಸಿನಲ್ಲಿ. ಅವನು ಕಾಲೇಜು ಓದುತ್ತಲೇ ಅಲ್ಲಿನ ನ್ಯಾಷನಲ್ ಗಾರ್ಡ್ ಸೇರಿದ್ದಾನೆ. ತಿಂಗಳಿಗೊಂದು ಶನಿವಾರ-ಭಾನುವಾರ ಸಮವಸ್ತ್ರ, ಮಿಕ್ಕ ದಿನ ಮಾಮೂಲಿ ಜೀವನ. ಇಪ್ಪತ್ತು ವರ್ಷ ಹೀಗೇ ಇದ್ದರೆ ಪಿಂಚಣಿ ಬರುತ್ತದೆ ಎಂದು ಅವನು ಫೋನಿನಲ್ಲಿ ಹೇಳಿದ್ದೇ ತಡ, ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡರು. "ಇಪ್ಪತ್ತು ವರ್ಷಕ್ಕೆ ಪಿಂಚಣಿ ಅಂದ್ರೆ ಅರ್ಧ ಬೇಸಿಕ್ ಅಲ್ವಾ? ಗ್ರಾಚ್ಯುಟಿ ಬೇರೆ ಇರುತ್ತೆ. ಒಟ್ಟು ಎಷ್ಟಾಗುತ್ತೆ ನೋಡು."

ಅರ್ಧ ಬೇಸಿಕ್ ಬರುವುದಿಲ್ಲ. ನಮಗೆ ಗೊತ್ತಿರುವಂಥ ಗ್ರಾಚ್ಯುಟಿಯೂ ಇಲ್ಲ. ಹಾಗಾದರೆ ಏನು ಬರುತ್ತದೆ, ಎಷ್ಟು, ಯಾವಾಗ? ದೊಡ್ಡಮ್ಮನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಈ ಪಾರ್ಟ್‌ಟೈಮ್ ಸೈನಿಕರು ಯಾರು?

ಅಮೆರಿಕದ ಸೇನೆಯಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರು ಪೂರ್ಣಾವಧಿಯವರು. ವರ್ಷವಿಡೀ ಸೇನೆಯೇ ಅವರ ಕೆಲಸ. ಇನ್ನೊಬ್ಬರು ರಿಸರ್ವ್‌ನವರು. ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿ, ಎಲ್ಲಿ ಬೇಕಾದರೂ ಕೆಲಸ ಮಾಡುತ್ತಿರಬಹುದು. ತಿಂಗಳಿಗೊಂದು ವಾರಾಂತ್ಯ ಡ್ರಿಲ್‌ಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಸುಮಾರು ಎರಡು ವಾರದ ವಾರ್ಷಿಕ ತರಬೇತಿ ಇರುತ್ತದೆ. ಯುದ್ಧವೋ ತುರ್ತು ಸ್ಥಿತಿಯೋ ಬಂದರೆ ಪೂರ್ಣಾವಧಿಗೆ ಕರೆಯುತ್ತಾರೆ.

ನ್ಯಾಷನಲ್ ಗಾರ್ಡ್ ಕೂಡ ಇದರಲ್ಲೇ ಒಂದು ಬಗೆ. ಅದಕ್ಕೆ ಯಜಮಾನರು ಇಬ್ಬರು, ರಾಜ್ಯದ ಗವರ್ನರ್ ಮತ್ತು ಕೇಂದ್ರ ಸರ್ಕಾರ. ಈ ಇಬ್ಬರು ಯಜಮಾನರ ವಿಷಯ ನೆನಪಿಟ್ಟುಕೊಳ್ಳಿ, ಪಾಯಿಂಟ್ ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಇವರಿಗೆ ಪಿಂಚಣಿ ಕೊಡುವ ಕಾನೂನು ಬಂದದ್ದು 1948ರಲ್ಲಿ. ಎರಡನೇ ಮಹಾಯುದ್ಧ ಮುಗಿದಿತ್ತು. ಯುದ್ಧ ಕಂಡ ಅನುಭವಿಗಳು ಮನೆಗೆ ಹೋಗಿ ಸುಮ್ಮನಾಗದೆ ರಿಸರ್ವ್‌ನಲ್ಲಿ ಉಳಿಯಲಿ ಎಂಬುದು ಸರ್ಕಾರದ ಆಸೆ. ಉಳಿದರೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರವಾಗಿ ಈ ಪಿಂಚಣಿ ಹುಟ್ಟಿತು. ನಮ್ಮಲ್ಲಿನ ಪಾರ್ಟ್‌ಟೈಮ್ ಸೇನೆಯಾದ ಟೆರಿಟೋರಿಯಲ್ ಆರ್ಮಿಯ (ಟಿಎ) ಕಾನೂನು ಬಂದದ್ದೂ ಅದೇ 1948ರಲ್ಲಿ!

ಲೆಕ್ಕ ವರ್ಷದ್ದಲ್ಲ, ಪಾಯಿಂಟಿನದು

ಪೂರ್ಣಾವಧಿ ಸೈನಿಕನ ಲೆಕ್ಕ ಸುಲಭ. ಸೇರಿದ ದಿನ, ಬಿಟ್ಟ ದಿನ, ನಡುವೆ ಎಷ್ಟು ವರ್ಷ ಎಂದು ನೋಡಿದರೆ ಆಯಿತು. ಪಾರ್ಟ್‌ಟೈಮ್‌ನವನಿಗೆ ಹಾಗೆ ಮಾಡಿದರೆ ಅನ್ಯಾಯ. ವರ್ಷದಲ್ಲಿ ನಲವತ್ತು ದಿನ ಬಂದವನಿಗೂ ಮುನ್ನೂರು ದಿನ ಬಂದವನಿಗೂ ಒಂದೇ ಅಳತೆ ಆಗಿಬಿಡುತ್ತದೆ. ಅದಕ್ಕೇ ಪಾಯಿಂಟ್.

ಪಾಯಿಂಟ್ ಬರುವುದು ಹೀಗೆ. ಪೂರ್ಣ ಕರ್ತವ್ಯದಲ್ಲಿದ್ದ ಪ್ರತಿ ದಿನಕ್ಕೆ ಒಂದು ಪಾಯಿಂಟ್. ವಾರ್ಷಿಕ ತರಬೇತಿಯ ದಿನಗಳೂ, ಸೇರಿದ ಹೊಸತರಲ್ಲಿ ಪಡೆಯುವ ತರಬೇತಿಯ ದಿನಗಳೂ ಇದರಲ್ಲೇ ಸೇರುತ್ತವೆ. ಡ್ರಿಲ್‌ಗೆ ಮಾತ್ರ ಬೇರೆ ಅಳತೆ. ಕನಿಷ್ಠ ನಾಲ್ಕು ಗಂಟೆಯ ಒಂದು ಡ್ರಿಲ್‌ಗೆ ಒಂದು ಪಾಯಿಂಟ್. ಶನಿವಾರ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಭಾನುವಾರ ಹಾಗೇ ಎರಡು. ಎರಡು ದಿನಕ್ಕೆ ನಾಲ್ಕು ಪಾಯಿಂಟ್. ಸಂಬಳವೂ ಇದೇ ಲೆಕ್ಕ: ಒಂದು ಡ್ರಿಲ್‌ಗೆ ತಿಂಗಳ ಬೇಸಿಕ್‌ನ ಮೂವತ್ತರಲ್ಲಿ ಒಂದು ಭಾಗ. ಅಂದರೆ ಎರಡು ದಿನ ಹೋಗಿ ನಾಲ್ಕು ದಿನದ ಕೂಲಿ ತರಬಹುದು. ಇದಲ್ಲದೆ ಸದಸ್ಯನಾಗಿ ಇದ್ದದ್ದಕ್ಕೇ ವರ್ಷಕ್ಕೆ 15 ಪಾಯಿಂಟ್ ಉಚಿತ.

ಒಂದು ಮಾಮೂಲಿ ವರ್ಷ ತೆಗೆದುಕೊಳ್ಳಿ. ಹನ್ನೆರಡು ವಾರಾಂತ್ಯಕ್ಕೆ 48, ವಾರ್ಷಿಕ ತರಬೇತಿಗೆ 15, ಸದಸ್ಯತ್ವಕ್ಕೆ 15. ಒಟ್ಟು 78. ಅಮೆರಿಕದ ರಿಸರ್ವ್ ಸೈನಿಕರಿಗೆ ಈ 78 ನಮಗೆ ಹಿಂದೆ 35 ಮಾರ್ಕಿನ ಪಾಸ್ ಇದ್ದ ಹಾಗೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ.

ಇದಕ್ಕೆ ಮಿತಿಗಳೂ ಇವೆ. ಎಷ್ಟೇ ದುಡಿದರೂ ವರ್ಷಕ್ಕೆ 365ಕ್ಕಿಂತ ಜಾಸ್ತಿ ಪಾಯಿಂಟ್ ಇಲ್ಲ, ಅಧಿಕ ವರ್ಷವಾದರೆ 366. ಡ್ರಿಲ್, ಸದಸ್ಯತ್ವದಂಥವುಗಳಿಂದ ಬರುವ ಪಾಯಿಂಟ್‌ಗೆ ಈಗ ವರ್ಷಕ್ಕೆ 130ರ ಮಿತಿ. ಮೊದಲು ಇದು 60 ಇತ್ತು, ಆಮೇಲೆ 75, 90 ಎಂದು ಹತ್ತಿ 2007ರಲ್ಲಿ 130ಕ್ಕೆ ಬಂತು. ಹಳಬರ ಲೆಕ್ಕ ನೋಡುವಾಗ ಯಾವ ವರ್ಷಕ್ಕೆ ಯಾವ ಮಿತಿ ಇತ್ತು ಎಂಬುದನ್ನೂ ನೋಡಬೇಕು.

ಈಗ ಇಬ್ಬರು ಯಜಮಾನರ ವಿಷಯ. ಪ್ರವಾಹ, ಚಂಡಮಾರುತ ಬಂದಾಗ ಗವರ್ನರ್ ನ್ಯಾಷನಲ್ ಗಾರ್ಡನ್ನು ಕರೆಯುತ್ತಾರೆ. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಟೆಕ್ಸಾಸ್ ಗವರ್ನರ್ ಇಡೀ ರಾಜ್ಯದ ಗಾರ್ಡನ್ನೇ ಕರೆದಿದ್ದರು. ಇಂಥ ಕೆಲಸ ಬರೀ ರಾಜ್ಯದ ಆದೇಶದ ಮೇಲೆ, ರಾಜ್ಯದ ಖರ್ಚಿನಲ್ಲಿ ನಡೆದರೆ ಕೇಂದ್ರದ ಪಿಂಚಣಿಗೆ ಸಾಮಾನ್ಯವಾಗಿ ಪಾಯಿಂಟ್ ಸಿಗುವುದಿಲ್ಲ. ಅದೇ ಕೆಲಸ ಕೇಂದ್ರದ ಕಾನೂನಿನಡಿ, ಕೇಂದ್ರದ ದುಡ್ಡಿನಲ್ಲಿ ನಡೆದರೆ ಸಿಗುತ್ತದೆ. ಎದೆಮಟ್ಟ ನೀರಲ್ಲಿ ನಿಂತವನಿಗೆ ಎರಡೂ ಒಂದೇ. ಆದರೆ ಕೈಗೆ ಬಂದ ಆದೇಶದ ಪ್ರತಿಯಲ್ಲಿ ಯಾವ ಕಾನೂನಿನ ಹೆಸರಿದೆ ಎಂದು ನೋಡಲೇಬೇಕು.

ಹಾಲಿನ ಡೇರಿಯ ಎರಡು ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ದೊಡ್ಡಮ್ಮನೂ ಎಡವಿದರು. ಹಾಗಾಗಿ ಊರಿನ ಹಾಲಿನ ಡೇರಿಯ ಉದಾಹರಣೆ ಕೊಟ್ಟೆ.

ಡೇರಿಯಲ್ಲಿ ಸದಸ್ಯನ ಹಕ್ಕು ಉಳಿಯಬೇಕಾದರೆ ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿರಬೇಕು ಎಂಬ ನಿಯಮ ಇರುತ್ತದೆ. ಅದು ಒಂದು ಲೆಕ್ಕ. ದುಡ್ಡು ಬಟವಾಡೆ ಆಗುವುದು ಎಷ್ಟು ಲೀಟರ್ ಹಾಕಿದ್ದೀರಿ ಎಂಬುದರ ಮೇಲೆ. ಅದು ಇನ್ನೊಂದು ಲೆಕ್ಕ. ಮೊದಲನೆಯದು ಹಕ್ಕಿನದು, ಎರಡನೆಯದು ಮೊತ್ತದ್ದು.

ಇಲ್ಲೂ ಹಾಗೇ. ಪಿಂಚಣಿಯ ಹಕ್ಕು ಬರಬೇಕಾದರೆ 20 "ಗುಡ್ ಇಯರ್" ಬೇಕು. ವರ್ಷದಲ್ಲಿ ಕನಿಷ್ಠ 50 ಪಾಯಿಂಟ್ ಗಳಿಸಿದ್ದರೆ ಅದು ಗುಡ್ ಇಯರ್. 49 ಆದರೆ ಅಲ್ಲ. ಅರ್ಧ ಮಾರ್ಕಿಗೆ ಫೇಲ್ ಮಾಡಿದ ಹಾಗೆ! ಆದರೆ ಆ 49 ಪಾಯಿಂಟ್ ಎಲ್ಲೂ ಹೋಗುವುದಿಲ್ಲ. ಒಟ್ಟು ಪಾಯಿಂಟಿನ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಮುಂದೆ 20 ಗುಡ್ ಇಯರ್ ಪೂರೈಸಿದರೆ ಅವೂ ಮೊತ್ತಕ್ಕೆ ಸೇರುತ್ತವೆ. ಕೈತಪ್ಪುವುದು ಆ ವರ್ಷ ಮಾತ್ರ.

ಇಲ್ಲಿ ವರ್ಷ ಅಂದರೆ ಜನವರಿಯಿಂದ ಡಿಸೆಂಬರ್ ಅಲ್ಲ. ಸಾಮಾನ್ಯವಾಗಿ ಸೈನಿಕ ಸೇರಿದ ದಿನದಿಂದ ಶುರುವಾಗುತ್ತದೆ. ಜೂನ್ 14ಕ್ಕೆ ಸೇರಿದವನ ವರ್ಷ ಮುಂದಿನ ಜೂನ್ 13ಕ್ಕೆ ಮುಗಿಯುತ್ತದೆ. ಒಂದು ವರ್ಷದ ತರಬೇತಿ ಜೂನ್ ಮೊದಲ ವಾರಕ್ಕೂ ಮುಂದಿನದ್ದು ಜೂನ್ ಕೊನೆ ವಾರಕ್ಕೂ ಬಿದ್ದರೆ ನಡುವಿನ ವರ್ಷಕ್ಕೆ ವಾರ್ಷಿಕ ತರಬೇತಿಯೇ ಇಲ್ಲದಂತಾಗುತ್ತದೆ. ಡ್ರಿಲ್ ಎಲ್ಲಾ ಹಾಜರಿದ್ದರೆ 48 ಮತ್ತು 15 ಸೇರಿ 63, ಹೇಗೋ ಪಾರಾಗುತ್ತಾನೆ. ನಾಲ್ಕು ವಾರಾಂತ್ಯ ತಪ್ಪಿಸಿಕೊಂಡಿದ್ದರೆ 47, ಆ ವರ್ಷ ಹೋಯಿತು.

ಕೆಲವರು ಡ್ರಿಲ್ ಬಿಟ್ಟು, ಕರೆದರೆ ಮಾತ್ರ ಬರುವ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡಿರುತ್ತಾರೆ. ಅವರಿಗೆ ಸದಸ್ಯತ್ವದ 15 ಪಾಯಿಂಟ್ ಬರುತ್ತಲೇ ಇರುತ್ತದೆ. ಬೇರೇನೂ ಮಾಡದಿದ್ದರೆ ಹತ್ತು ವರ್ಷ ಪಟ್ಟಿಯಲ್ಲಿದ್ದರೂ ಒಂದೂ ಗುಡ್ ಇಯರ್ ಆಗುವುದಿಲ್ಲ.

ಈಗ ಲೆಕ್ಕ ಹಾಕೋಣ

ಸೂತ್ರ ಒಂದೇ ಸಾಲಿನದು. ಒಟ್ಟು ಪಾಯಿಂಟನ್ನು 360ರಿಂದ ಭಾಗಿಸಿ. ಬಂದದ್ದು "ವರ್ಷ". ಅದನ್ನು ಶೇ 2.5ರಿಂದ ಗುಣಿಸಿ. ಬಂದ ಶೇಕಡಾವಾರನ್ನು ಸರಾಸರಿ ಬೇಸಿಕ್‌ಗೆ ಹಾಕಿ.

365 ಬಿಟ್ಟು 360 ಯಾಕೆ? ಸೇನೆಯ ಸಂಬಳದ ಲೆಕ್ಕದಲ್ಲಿ ಎಲ್ಲ ತಿಂಗಳಿಗೂ 30 ದಿನ. ಹನ್ನೆರಡು ಮೂವತ್ತಲಿ 360. ಸೈನಿಕನಿಗೆ ಇದರಿಂದ ಲಾಭವೇ.

ಯಾವ ಕರೆಯೂ ಬಾರದೆ, ಬರೀ ಮಾಮೂಲಿ 20 ವರ್ಷ ಮುಗಿಸಿದವನದ್ದು ನೋಡಿ. 78 ಗುಣಿಸು 20, ಒಟ್ಟು 1,560 ಪಾಯಿಂಟ್. 360ರಿಂದ ಭಾಗಿಸಿದರೆ 4.33 ವರ್ಷ. ಇಷ್ಟೇ! ಇಪ್ಪತ್ತು ವರ್ಷ ಬಟ್ಟೆ ಇಸ್ತ್ರಿ ಮಾಡಿಕೊಂಡು ಹೋದದ್ದು ಪಿಂಚಣಿಯ ಕಣ್ಣಿಗೆ ನಾಲ್ಕು ವರ್ಷ ನಾಲ್ಕು ತಿಂಗಳು. ಶೇ 2.5ರಿಂದ ಗುಣಿಸಿದರೆ ಶೇ 10.83. ಸರಾಸರಿ ಬೇಸಿಕ್ ತಿಂಗಳಿಗೆ 5,000 ಡಾಲರ್ ಅಂತಿಟ್ಟುಕೊಂಡರೆ ಪಿಂಚಣಿ ಸುಮಾರು 542 ಡಾಲರ್. ಅದೇ ಬೇಸಿಕ್‌ನ ಪೂರ್ಣಾವಧಿ ಸೈನಿಕನಿಗೆ 20 ವರ್ಷಕ್ಕೆ ಶೇ 50, ಅಂದರೆ 2,500 ಡಾಲರ್. ದೊಡ್ಡಮ್ಮ ಹೇಳಿದ ಅರ್ಧ ಬೇಸಿಕ್ ಇದು.

ನಿಜ ಜೀವನದಲ್ಲಿ ಎಲ್ಲ ವರ್ಷವೂ ಒಂದೇ ರೀತಿ ಇರುವುದಿಲ್ಲ. ಇನ್ನೊಬ್ಬನನ್ನು ತೆಗೆದುಕೊಳ್ಳಿ. ಮೊದಲ ವರ್ಷ ಸೈನಿಕ ತರಬೇತಿಗೆ 180 ದಿನ ಹೋದ. ಆ ವರ್ಷ ಆರು ವಾರಾಂತ್ಯ ಡ್ರಿಲ್, 24 ಪಾಯಿಂಟ್. ಸದಸ್ಯತ್ವದ 15 ಸೇರಿ 219. ನಡುವೆ ಒಂದು ವರ್ಷ ಪೂರ್ತಿ ವಿದೇಶದಲ್ಲಿ ಕರ್ತವ್ಯ, 365. ಉಳಿದ 18 ವರ್ಷ ಮಾಮೂಲಿ, 1,404. ಎಲ್ಲ ಕೂಡಿದರೆ 1,988. ಭಾಗಿಸಿದರೆ 5.52 ವರ್ಷ, ಶೇ 13.8, ತಿಂಗಳಿಗೆ ಸುಮಾರು 690 ಡಾಲರ್. ಹೊರಗೆ ಇದ್ದ ಆ ಒಂದು ವರ್ಷ ಮಾಮೂಲಿ ನಾಲ್ಕೂವರೆ ವರ್ಷಕ್ಕೂ ಹೆಚ್ಚಿನ ಪಾಯಿಂಟ್ ತಂದಿತು. ಒಂದೇ ದಿನ ಸೇರಿ ಒಂದೇ ದಿನ ಬಿಟ್ಟ ಇಬ್ಬರು ಗೆಳೆಯರ ಪಿಂಚಣಿ ಬೇರೆ ಬೇರೆ ಇರುವುದು ಇದಕ್ಕೇ.

2018ರ ನಂತರ ಸೇರಿದವರಿಗೆ ಬೇರೆ

ಮೇಲೆ ಹೇಳಿದ ಶೇ 2.5 ಹಳೆಯ ಪದ್ಧತಿ. 2018ರ ಜನವರಿ 1ರಿಂದ ಸೇರಿದವರೆಲ್ಲ ಹೊಸ ಪದ್ಧತಿಗೆ ಬರುತ್ತಾರೆ. ಆಗಲೇ ಸೇವೆಯಲ್ಲಿದ್ದ ರಿಸರ್ವ್ ಸೈನಿಕರ ಪೈಕಿ 4,320ಕ್ಕಿಂತ ಕಡಿಮೆ ಪಾಯಿಂಟ್ ಇದ್ದವರು ಬೇಕಿದ್ದರೆ 2018ರಲ್ಲಿ ಹೊಸದಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. 4,320 ಎಲ್ಲಿಂದ ಬಂತು ಎಂದು 360ರ ಮಗ್ಗಿ ಬಲ್ಲವರಿಗೆ ಗೊತ್ತಾಗಿರುತ್ತದೆ: ಹನ್ನೆರಡು ವರ್ಷ.

ಹೊಸ ಪದ್ಧತಿಯಲ್ಲಿ ಶೇ 2.5ರ ಬದಲು ಶೇ 2. ನಮ್ಮ 1,988 ಪಾಯಿಂಟಿನವನಿಗೆ 690ರ ಜಾಗದಲ್ಲಿ ಸುಮಾರು 552 ಡಾಲರ್ ಬರುತ್ತದೆ. ಕಡಿಮೆಯಾದದ್ದಕ್ಕೆ ಬದಲಾಗಿ ಒಂದು ಉಳಿತಾಯ ಖಾತೆ ಇದೆ. ನಮ್ಮ ಎನ್‌ಪಿಎಸ್ ಬಲ್ಲವರಿಗೆ ಅರ್ಥ ಮಾಡಿಕೊಳ್ಳುವುದು ಸುಲಭ. ಬೇಸಿಕ್‌ನ ಶೇ 1ರಷ್ಟನ್ನು ಸರ್ಕಾರ ತಾನಾಗಿ ಹಾಕುತ್ತದೆ. ಮೂರನೇ ವರ್ಷದಿಂದ, ಸೈನಿಕ ತನ್ನ ಪಾಲು ಶೇ 5 ಹಾಕಿದರೆ ಸರ್ಕಾರ ಇನ್ನೂ ಶೇ 4 ಸೇರಿಸುತ್ತದೆ. ಡ್ರಿಲ್ ಸಂಬಳಕ್ಕೂ ಇದು ಅನ್ವಯ. ಆದರೆ ಡ್ರಿಲ್ ಸಂಬಳವೇ ಚಿಕ್ಕದು, ಹಾಗಾಗಿ ಸೇರುವ ಹಣವೂ ಚಿಕ್ಕದೇ. ಇದರ ನಿಜವಾದ ಅನುಕೂಲ 20 ವರ್ಷ ತುಂಬುವ ಮೊದಲೇ ಬಿಟ್ಟುಹೋಗುವವರಿಗೆ. ಹಳೆಯ ಪದ್ಧತಿಯಲ್ಲಿ ಅವರು ಬರಿಗೈಯಲ್ಲಿ ಹೋಗುತ್ತಿದ್ದರು. ಈಗ ಖಾತೆಯಲ್ಲಿರುವುದು ಜೊತೆಗೆ ಹೋಗುತ್ತದೆ.

ದೊಡ್ಡಮ್ಮನ ಮೊಮ್ಮಗ ಸೇರಿದ್ದು 2018ರ ನಂತರ. ಹಾಗಾಗಿ ಅವನಿಗೆ ಶೇ 2.

ಬೇಸಿಕ್ ಯಾವ ವರ್ಷದ್ದು?

ಈ ಹುಡುಗ ಹತ್ತೊಂಬತ್ತಕ್ಕೆ ಸೇರಿದ್ದಾನೆ. ಮೂವತ್ತೊಂಬತ್ತಕ್ಕೆ 20 ವರ್ಷ ಮುಗಿಯುತ್ತದೆ. ಪಿಂಚಣಿ ಶುರುವಾಗುವುದು ಸಾಮಾನ್ಯವಾಗಿ 60ಕ್ಕೆ. ನಡುವೆ 21 ವರ್ಷ ಸುಮ್ಮನೆ ಕಾಯಬೇಕು. ಈ ಕಾಯುವ ಕಾಲಕ್ಕೆ ಅಲ್ಲಿನವರು ಇಟ್ಟ ಹೆಸರು "ಗ್ರೇ ಏರಿಯಾ". ಸೈನಿಕನೂ ಅಲ್ಲ, ಪಿಂಚಣಿದಾರನೂ ಅಲ್ಲ.

20 ಗುಡ್ ಇಯರ್ ಮುಗಿದ ಮೇಲೆ ಇಲಾಖೆಯಿಂದ ಒಂದು ಪತ್ರ ಬರುತ್ತದೆ. ಅಲ್ಲಿನವರು ಅದನ್ನು "ಟ್ವೆಂಟಿ ಇಯರ್ ಲೆಟರ್" ಅನ್ನುತ್ತಾರೆ. ನೀವು ಪಿಂಚಣಿಗೆ ಅರ್ಹರು ಎಂಬ ಲಿಖಿತ ಮಾತು ಅದು. ಆಸ್ತಿ ಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕಾದ ಕಾಗದ. ಆ ಪತ್ರ ಬಂದ 90 ದಿನದೊಳಗೆ, ತಾನು ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ ಹೇಗಿರಬೇಕು ಎಂಬುದನ್ನೂ ಆರಿಸಿ ತಿಳಿಸಬೇಕು.

ಆಮೇಲೆ ಒಂದು ಕವಲುದಾರಿ ಬರುತ್ತದೆ. ಹೆಸರನ್ನು "ನಿವೃತ್ತ ರಿಸರ್ವ್" ಪಟ್ಟಿಗೆ ಹಾಕಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ಬಿಡುಗಡೆ ಪಡೆಯಬಹುದು. ಡ್ರಿಲ್ ಎರಡರಲ್ಲೂ ಇಲ್ಲ. ಆದರೆ ದುಡ್ಡಿನಲ್ಲಿ ಅಜಗಜಾಂತರ.

ಪಿಂಚಣಿಗೆ ಹಿಡಿಯುವ ಬೇಸಿಕ್ ಅಂದರೆ ಅತಿ ಹೆಚ್ಚು ಇದ್ದ 36 ತಿಂಗಳ ಸರಾಸರಿ. ಅದೂ ಪೂರ್ಣಾವಧಿ ಸೈನಿಕನ ಬೇಸಿಕ್, ಡ್ರಿಲ್‌ನಲ್ಲಿ ಕೈಗೆ ಬಂದ ಚಿಲ್ಲರೆ ಅಲ್ಲ. ಪೂರ್ತಿ ಬಿಡುಗಡೆ ಪಡೆದವನಿಗೆ ಬಿಟ್ಟಾಗಿನ ವೇತನ ಪಟ್ಟಿಯೇ ಗತಿ. 39ಕ್ಕೆ ಬಿಟ್ಟರೆ ಆ ಕಾಲದ ಬೇಸಿಕ್ ಮೇಲೆ 60ಕ್ಕೆ ಪಿಂಚಣಿ. ನಿವೃತ್ತ ರಿಸರ್ವ್ ಪಟ್ಟಿಯಲ್ಲಿ ಉಳಿದವನಿಗೆ 60 ಆಗುವ ಹಿಂದಿನ ಮೂರು ವರ್ಷದ ವೇತನ ಪಟ್ಟಿ ಹಿಡಿಯುತ್ತಾರೆ. ಮನೆಯಲ್ಲಿ ಕೂತ 21 ವರ್ಷವೂ ಹಿರಿತನಕ್ಕೆ ಸೇರುತ್ತದೆ. ಇಪ್ಪತ್ತು ವರ್ಷದಲ್ಲಿ ಸಂಬಳ ಎಷ್ಟು ಏರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಿಯಲ್ಲಿ ಇದ್ದವರನ್ನು ದೇಶ ಮತ್ತೆ ಕರೆಯುವ ಸಾಧ್ಯತೆ ಕಾನೂನಿನಲ್ಲಿ ಇದೆ. ಬೇಸಿಕ್ ಬೆಳೆಯುತ್ತಾ ಹೋಗುವುದು ಅದಕ್ಕೇ.

60ಕ್ಕೆ ಮೊದಲು ಬರುವುದಿಲ್ಲವೇ?

ಬರಬಹುದು. 2008ರ ಜನವರಿ 28ರ ನಂತರ ಮಾಡಿದ ಪೂರ್ಣ ಕರ್ತವ್ಯದ ಪ್ರತಿ 90 ದಿನಕ್ಕೆ ಮೂರು ತಿಂಗಳು ಮುಂಚೆ. ಒಂದು ವರ್ಷ ಹೊರಗೆ ಕರ್ತವ್ಯದಲ್ಲಿ ಇದ್ದವನಿಗೆ ನಾಲ್ಕು ಸಲ 90 ಸಿಗುತ್ತದೆ. ಹಾಗಾಗಿ 59ಕ್ಕೇ ಪಿಂಚಣಿ. ಎಷ್ಟೇ ಆದರೂ 50ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಾಮೂಲಿ ಎರಡು ವಾರದ ವಾರ್ಷಿಕ ತರಬೇತಿ ಇದಕ್ಕೆ ಲೆಕ್ಕವಿಲ್ಲ. ಪಿಂಚಣಿ ಬೇಗ ಬಂದರೂ ನಿವೃತ್ತರ ಆರೋಗ್ಯ ಸೌಲಭ್ಯ ಮಾತ್ರ 60ಕ್ಕೇ. ಅಲ್ಲಿಯವರೆಗೆ ಬೇಕಿದ್ದರೆ ಕೈಯಿಂದ ಪ್ರೀಮಿಯಂ ಕಟ್ಟಿಕೊಳ್ಳಬೇಕು.

ಇನ್ನೊಂದು, ಇದು ತಾನಾಗಿ ಬರುವ ಹಣ ಅಲ್ಲ. ಅರ್ಜಿ ಹಾಕಬೇಕು. ಇಪ್ಪತ್ತು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದವನ ವಿಳಾಸ ಇಲಾಖೆಗೆ ಹೇಗೆ ಗೊತ್ತಿರಬೇಕು, ಹೇಳಿ.

ಹಾಗಾದರೆ ಗ್ರಾಚ್ಯುಟಿ?

ನಮ್ಮಲ್ಲಿ ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಕೈಗೆ ಬರುವ ಇಡುಗಂಟು. ಕಂಪನಿ ನೌಕರರಿಗಾದರೆ ಕಾನೂನಿನ ಪ್ರಕಾರ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಎಂದು ಲೆಕ್ಕ. ಅಮೆರಿಕದ ಸೇನೆಯಲ್ಲಿ "ಗ್ರಾಚ್ಯುಟಿ" ಎಂಬ ಪದ ಕೇಳಿದರೆ ಖುಷಿಪಡಬೇಡಿ. ಅಲ್ಲಿ "ಡೆತ್ ಗ್ರಾಚ್ಯುಟಿ" ಎಂದರೆ ಕರ್ತವ್ಯದಲ್ಲಿರುವಾಗ ಸೈನಿಕ ತೀರಿಕೊಂಡರೆ ಮನೆಯವರಿಗೆ ಕೊಡುವ 1 ಲಕ್ಷ ಡಾಲರ್. ಡ್ರಿಲ್‌ನಲ್ಲಿದ್ದಾಗ ಸತ್ತರೂ ಸಿಗುತ್ತದೆ. ಈ ಮಾತು ಬಂದಾಗ ದೊಡ್ಡಮ್ಮ "ಬಿಡ್ತು ಅನ್ನು" ಎಂದು ಮುಂದಿನದಕ್ಕೆ ಹೋಗಲು ಹೇಳಿದರು.

ಇಡುಗಂಟಿಗೆ ಹತ್ತಿರದ್ದು ಹೊಸ ಪದ್ಧತಿಯಲ್ಲಿ ಎರಡಿವೆ. ಒಂದು, ಸೇವೆಯ ನಡುವೆ, ಹನ್ನೆರಡು ವರ್ಷ ಆಗುವ ಮೊದಲು, ಇನ್ನೂ ಕೆಲವು ವರ್ಷ ಇರುತ್ತೇನೆ ಎಂದು ಬರೆದುಕೊಟ್ಟರೆ ಸಿಗುವ ಹಣ. ರಿಸರ್ವ್‌ನವರಿಗೆ ಇದು ಕನಿಷ್ಠ ಪೂರ್ಣಾವಧಿ ಬೇಸಿಕ್‌ನ ಅರ್ಧ ತಿಂಗಳಿನಷ್ಟು.

ಇನ್ನೊಂದು ಥೇಟ್ ನಮ್ಮ ಕಮ್ಯುಟೇಶನ್. ಪಿಂಚಣಿ ಶುರುವಾಗುವ ಮೊದಲೇ, ಅದರ ಶೇ 25 ಅಥವಾ ಶೇ 50ರಷ್ಟನ್ನು ಒಟ್ಟಿಗೆ ಕೊಡಿ ಎಂದು ಕೇಳಬಹುದು. ಕೊಡುವುದು ಜೀವನಪೂರ್ತಿಯದ್ದಲ್ಲ, ಹೆಚ್ಚಿನವರಿಗೆ 67 ವರ್ಷದವರೆಗಿನದ್ದು ಮಾತ್ರ. 552 ಡಾಲರಿನವನು 60ರಿಂದ 67ರವರೆಗೆ ಒಟ್ಟು ಸುಮಾರು 46,400 ಪಡೆಯುತ್ತಾನೆ. ಅದರ ಶೇ 25 ಎಂದರೆ ಸುಮಾರು 11,600. ಆದರೆ ಮುಂದೆ ಬರಬೇಕಾದ ಹಣವನ್ನು ಇಂದೇ ಕೊಡುವುದರಿಂದ ಬಡ್ಡಿ ಕಳೆದು ಕೊಡುತ್ತಾರೆ. ಕೈಗೆ ಬರುವುದು 11,600ಕ್ಕಿಂತ ಕಡಿಮೆ. ಆ ಏಳು ವರ್ಷ ತಿಂಗಳ ಪಿಂಚಣಿ ಮುಕ್ಕಾಲು ಭಾಗ. 67ಕ್ಕೆ ಮತ್ತೆ ಪೂರ್ತಿ. ನಮ್ಮಲ್ಲಿ ಕೇಂದ್ರದ ನೌಕರರಿಗೆ ಕಮ್ಯೂಟ್ ಮಾಡಿದ ಭಾಗ 15 ವರ್ಷಕ್ಕೆ ಮರಳುತ್ತದಲ್ಲ, ಹಾಗೇ.

ನಮ್ಮ ಟೆರಿಟೋರಿಯಲ್ ಆರ್ಮಿಯಲ್ಲಿ

ಇಷ್ಟು ಓದಿದ ಮೇಲೆ ನಮ್ಮ ಕಡೆಯ ಟಿಎ ನೆನಪಾಗುವುದು ಸಹಜ. ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟದ್ದು ಇದರಲ್ಲೇ. ಅವರು 2019ರಲ್ಲಿ ಕಾಶ್ಮೀರದಲ್ಲಿ ಕೆಲಸ ಮಾಡಿದ 106 ಪ್ಯಾರಾ ಟಿಎ ಬೆಟಾಲಿಯನ್‌ನ ನೆಲೆ ನಮ್ಮ ಬೆಂಗಳೂರು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ಟಿಎಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಾಗ ಈ ಹೆಸರು ಎಲ್ಲರ ಬಾಯಲ್ಲೂ ಬಂತು. 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಕರ್ತವ್ಯಕ್ಕೆ ಇಳಿಸುವುದಕ್ಕೆ ಒಪ್ಪಿಗೆ ಸಿಕ್ಕಿತ್ತು.

ಹೀಗೆ ಬೆಟಾಲಿಯನ್ನನ್ನು ಪೂರ್ತಿ ಕರ್ತವ್ಯಕ್ಕೆ ಇಳಿಸುವುದಕ್ಕೆ ಟಿಎಯಲ್ಲಿ "ಎಂಬಾಡಿಮೆಂಟ್" ಅನ್ನುತ್ತಾರೆ. ಪಿಂಚಣಿಯ ಕೀಲಿಕೈ ಇದೇ. ಅಧಿಕಾರಿಗಳಿಗೆ ಹೀಗೆ ಕರ್ತವ್ಯದಲ್ಲಿದ್ದ 20 ವರ್ಷ, ಸಿಪಾಯಿಗಳಿಗೂ ಜೆಸಿಒಗಳಿಗೂ (ಸಿಪಾಯಿಗಳಿಗಿಂತ ಮೇಲಿನ, ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವರು) 15 ವರ್ಷ ಬೇಕು. ನಡುವೆ ಮನೆಗೆ ಕಳುಹಿಸಿದ ಕಾಲ ಇದಕ್ಕೆ ಸೇರುವುದಿಲ್ಲ. ಅಮೆರಿಕದಲ್ಲಿ 20 ಗುಡ್ ಇಯರ್ ಸಾಕು, ಮೊತ್ತ ಮಾತ್ರ ಚಿಕ್ಕದು. ನಮ್ಮಲ್ಲಿ ನಿಜವಾಗಿ ದುಡಿದ ಕಾಲವೇ 15 ಅಥವಾ 20 ವರ್ಷ ತುಂಬಬೇಕು, ತುಂಬಿದರೆ ಪಿಂಚಣಿ ದೊಡ್ಡದು. ಅವರದ್ದು ಹನಿಹನಿ ಹಾಲಿಗೂ ಚೀಟಿ ಬರೆಯುವ ಡೇರಿ. ನಮ್ಮದು ಕ್ಯಾನ್ ತುಂಬಿದರೆ ಮಾತ್ರ ಅಳೆಯುವುದು.

ಒಸಿಐ ವಿಷಯ

ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳಿಗೆ ಇದು ಮುಖ್ಯ. ವಿದೇಶಿ ಸೇನೆಯಲ್ಲಿ ಈಗ ಇರುವವರಿಗೂ ಹಿಂದೆ ಇದ್ದು ನಿವೃತ್ತರಾದವರಿಗೂ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿಯರು ವೀಸಾ ಇಲ್ಲದೆ ಬಂದುಹೋಗಲು ಇರುವ ಕಾರ್ಡ್) ಕೊಡುವುದಿಲ್ಲ ಎಂಬುದು ಭಾರತದ ಗೃಹ ಇಲಾಖೆಯ ನಿಯಮ. ಅಜ್ಜಿ ಮನೆಗೆ ಬರಲು ವೀಸಾ ಮಾಡಿಸಿಕೊಳ್ಳಬೇಕು. ಸೇರುವ ಮೊದಲೇ ಇದು ಮನೆಯಲ್ಲಿ ಮಾತಾಡಿಕೊಳ್ಳಬೇಕಾದ ವಿಷಯ. ಪಿಂಚಣಿ ಲೆಕ್ಕ ಆಮೇಲೂ ಹಾಕಬಹುದು.

ಆ ಒಂದು ಸಾಲು

ಪ್ರತಿ ಸೈನಿಕನಿಗೂ ಒಂದು ಪಾಯಿಂಟ್ ಪಟ್ಟಿ ಇರುತ್ತದೆ, ವರ್ಷಕ್ಕೊಂದು ಸಾಲು. ಹುಡುಗ ತನ್ನದರ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದ. ಮೊದಲ ಸಾಲು: ಡ್ರಿಲ್ 24, ಸದಸ್ಯತ್ವ 15, ಕರ್ತವ್ಯ 180, ಒಟ್ಟು 219. ಕೊನೆಯಲ್ಲಿ 01 00 00. ಒಂದು ವರ್ಷ, ಸೊನ್ನೆ ತಿಂಗಳು, ಸೊನ್ನೆ ದಿನ. ಅಂದರೆ ಗುಡ್ ಇಯರ್. ಎರಡನೇ ಸಾಲು: ಡ್ರಿಲ್ 40, ಸದಸ್ಯತ್ವ 15, ಕರ್ತವ್ಯ 0, ಒಟ್ಟು 55.

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಎರಡನೇ ಸಾಲಿನ ಮೇಲೆ ಬೆರಳಿಟ್ಟರು. "ಹೋದ ಬೇಸಿಗೆಯಲ್ಲಿ ಕ್ಯಾಂಪ್‌ಗೆ ಹೋಗಿದ್ನಲ್ಲ, ಹದಿನೈದು ದಿನ ಫೋನೇ ಮಾಡಿರ್ಲಿಲ್ಲ. ಅದೆಲ್ಲಿ?"

ಇರಲಿಲ್ಲ. ಯಾರೋ ಏರಿಸುವುದನ್ನು ಮರೆತಿದ್ದರು. 50 ದಾಟಿದ್ದರಿಂದ ವರ್ಷಕ್ಕೆ ತೊಂದರೆ ಇಲ್ಲ, ಆದರೆ 15 ಪಾಯಿಂಟ್ ಮಾಯ. 5,000 ಡಾಲರ್ ಬೇಸಿಕ್‌ಗೆ ಅದು ತಿಂಗಳಿಗೆ 4 ಡಾಲರ್ 17 ಸೆಂಟ್. ಬಿಟ್ಟರೂ ನಡೆಯುತ್ತದೆ ಎಂದು ಹುಡುಗ ನಕ್ಕ.

"ವರ್ಷಕ್ಕೆ ಐವತ್ತು ಡಾಲರ್, ಅರವತ್ತರಿಂದ ಸಾಯೋ ತನಕ," ಎಂದರು ದೊಡ್ಡಮ್ಮ. "ಸಂಬಳದ ಚೀಟಿ ಇಟ್ಟಿದ್ದೀಯೇನೋ? ನಾಳೆನೇ ಕಳಿಸು ಅವರಿಗೆ."